ಸಹಾಯ ಬೇಕು: ಇಂದಿರಾನಗರದಲ್ಲಿ ಶೋ ನೋಡಿ ರಾತ್ರಿಯೇ ಮಡಿಕೇರಿ ಬಸ್ ಹತ್ತಬಹುದಾ?

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಇಂದಿರಾನಗರದ ಒಂದು ಪಬ್‌ನಲ್ಲಿ ನನ್ನ ಇಷ್ಟದ ಲೋ-ಫೈ (ಅಂದರೆ ಸ್ಟುಡಿಯೋ ನಯ ಇಲ್ಲದೆ ಒರಟೊರಟಾಗಿ ರೆಕಾರ್ಡ್ ಮಾಡುವ) ಇಂಡೀ ರಾಕ್ ಗಾಯಕ ಹಾಡ್ತಿದ್ದಾನೆ. ಮನೆಯ ರೂಮಿನಲ್ಲೇ ಕೂತು ನಾಲ್ಕು ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್‌ನಲ್ಲಿ ಹಾಡು ಮಾಡುವವನು. 1979ರಲ್ಲಿ ಟ್ಯಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೋ ಅನ್ನೋ ರೆಕಾರ್ಡರ್ ಬಂತಲ್ಲ, ಆ ಜಾತಿಯದ್ದು. ಟೇಪಿನ 'ಸ್ಸ್' ಸದ್ದು, ಹಿಂದೆಲ್ಲೋ ಕುರ್ಚಿ ಎಳೆದದ್ದು, ಎಲ್ಲ ಹಾಗೇ ಕೇಳಿಸುತ್ತದೆ. ಅಂಥವನು ನೂರಡಿ ರಸ್ತೆಯ ಝಗಮಗ ದೀಪದ ಮಧ್ಯೆ ಹೇಗಿರ್ತಾನೋ, ನೋಡಲೇಬೇಕು!

ತೊಂದರೆ ವಾಪಸ್ ಬರೋದು. ನಮ್ಮ ಜಿಲ್ಲೆಗೆ ರೈಲಿಲ್ಲ, ಗೊತ್ತಲ್ಲ. ಶೋ ಒಂಬತ್ತಕ್ಕೆ ಅಂತ ಹಾಕಿದ್ದಾರೆ. ಇಂಥವು ಹೇಳಿದ ಟೈಮಿಗೆ ಶುರುವಾಗುತ್ತವಾ? ಹನ್ನೊಂದರ ಸುಮಾರಿನ ಕೊನೆ ಮೆಟ್ರೋ ಸಿಕ್ಕಿದರೆ ನೇರಳೆ ಮಾರ್ಗದಲ್ಲೇ ದೀಪಾಂಜಲಿನಗರಕ್ಕೆ ಹೋಗಿ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಸೇರಬಹುದು. ತಪ್ಪಿದರೆ ಆಟೋದವರು ಕೇಳಿದ್ದೇ ರೇಟು. ಮಧ್ಯರಾತ್ರಿ ಮೇಲೆ ಮಡಿಕೇರಿಗೆ ಬಸ್ ಇದೆಯಾ, ಇಲ್ಲ ಮೈಸೂರಲ್ಲಿ ಇಳಿದು ಬೇರೆ ಹಿಡಿಯಬೇಕಾ?

ಇನ್ನೊಂದು, ತಂಗಿಗೆ ಹತ್ತೊಂಬತ್ತು. ಅವಳೂ ಬರ್ತೀನಿ ಅಂತ ಹಟ ಹಿಡಿದಿದ್ದಾಳೆ. ಕುಡಿಯೋಕೆ 21 ಆಗಿರಬೇಕು ಸರಿ, ಸುಮ್ನೆ ಹಾಡು ಕೇಳೋಕೂ ಗೇಟಲ್ಲಿ ಆಧಾರ್ ನೋಡಿ ವಾಪಸ್ ಕಳಿಸ್ತಾರಾ? ಟಿಕೆಟ್ ತಗೊಳ್ಳೋ ಮೊದಲೇ ತಿಳಿದರೆ ಒಳ್ಳೇದು. ಇತ್ತೀಚೆಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.