ಅಮ್ಮಂಗೆ ಗ್ರೀನ್ ಕಾರ್ಡ್ ಇದೆ, ಇನ್ಶೂರೆನ್ಸ್ ಇಲ್ಲ, ಆಸ್ಪತ್ರೆ ಬಿಲ್ 38 ಸಾವಿರ ಡಾಲರ್ (ಡಲ್ಲಾಸ್)

ಹಾಸನದ_ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರ್ಕೊಂಡ್ಮೇಲೆ ಅಮ್ಮನ್ನ ಊರಲ್ಲಿ ಒಬ್ಬರನ್ನೇ ಬಿಡೋಕೆ ಮನಸ್ಸಾಗ್ದೆ ನಾನು ಸಿಟಿಜನ್ ಆದ ಕೂಡ್ಲೇ ಗ್ರೀನ್ ಕಾರ್ಡ್‌ಗೆ ಹಾಕಿ ಈ ಮಾರ್ಚಲ್ಲಿ ಕರ್ಕೊಂಡು ಬಂದೆ. 68 ವರ್ಷ, ಶುಗರ್ ಬಿಪಿ ಎರಡೂ ಇದೆ. ನನ್ನ ಕಂಪನಿ ಇನ್ಶೂರೆನ್ಸಲ್ಲಿ ಅಪ್ಪ ಅಮ್ಮನ್ನ ಸೇರಿಸೋ ಹಾಗಿಲ್ಲ, ಮುಂದಿನ ತಿಂಗಳು ನೋಡೋಣ ಅಂತ ತಳ್ಳಿ ತಳ್ಳಿ ಸೆಪ್ಟೆಂಬರ್ ಬಂತು. ಒಂದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ರು, ಬಿಪಿ ಸಿಕ್ಕಾಪಟ್ಟೆ ಏರಿತ್ತು, ಎರಡು ರಾತ್ರಿ ಅಡ್ಮಿಟ್. ಊರಿಂದ ತಂದ ಮಾತ್ರೆ ಮುಗಿದು ಹೋದ್ರೆ ನಮಗೆ ಖರ್ಚು ಅಂತ ದಿನ ಬಿಟ್ಟು ದಿನ ತಗೋತಿದ್ರಂತೆ, ನನಗೆ ಗೊತ್ತೇ ಇರ್ಲಿಲ್ಲ. ಅದೂ ಅಲ್ಲದೆ ನಾನು ಮಗು ಕರ್ಕೊಂಡು ಬರೋಕೆ ಹೋದಾಗ ಅವ್ರಿಗೆ ಫೋನಲ್ಲಿ ಹಿಂದಿ ಇಂಟರ್ಪ್ರಿಟರ್ (ಮಾತು ಅನುವಾದ ಮಾಡೋರು) ಹಾಕಿದಾರೆ, ಅಮ್ಮ ಎಲ್ಲದಕ್ಕೂ ಹೂಂ ಹೂಂ ಅಂದಿದಾರೆ, ಫೈಲಲ್ಲಿ ಮಾತ್ರೆ ಎಲ್ಲಾ ಸರಿಯಾಗಿ ತಗೋತಾರೆ ಅಂತ ಬರ್ಕೊಂಡಿದ್ರು.

ಈಗ ಬಿಲ್ ಬಂದಿದೆ. ಸರ್ಕಾರದ ಸಹಾಯ ಕೇಳಿದ್ರೆ ಗ್ರೀನ್ ಕಾರ್ಡ್‌ಗೆ ತೊಂದ್ರೆ ಅಂತ ಯಾರೋ ಹೆದರಿಸಿದಾರೆ. ಅಮ್ಮ ಬೇರೆ ನನ್ನ ವಾಪಸ್ ಕಳಿಸ್ಬಿಡು ಅಂತ ದಿನಾ ಅಳ್ತಾರೆ. ಏನ್ ಮಾಡ್ಲಿ?

ಹುಬ್ಬಳ್ಳಿಯಂವ

ಅಕ್ಕಾರ, ಮೊದಲ ಒಂದ್ ಮಾತು, ಕ್ರೆಡಿಟ್ ಕಾರ್ಡ್ ಮ್ಯಾಲೆ ಹಾಕಿ ಬಿಲ್ ಕಟ್ಟಬ್ಯಾಡ್ರಿ. ಆಸ್ಪತ್ರಿ ನಾನ್-ಪ್ರಾಫಿಟ್ (ಲಾಭಕ್ಕಲ್ಲದ್ದು) ಐತೇನು ನೋಡ್ರಿ. ಹಂಗಿದ್ರ ಫೈನಾನ್ಶಿಯಲ್ ಅಸಿಸ್ಟೆನ್ಸ್ (ಕಟ್ಟೋಕ ಆಗದವ್ರಿಗೆ ಬಿಲ್ ರಿಯಾಯಿತಿ) ಅಂತ ಬರದಿಟ್ಟ ಪಾಲಿಸಿ ಇರಲೇಬೇಕು, ಕಾನೂನ್ ಐತಿ. ಮನಿಗೆ ಬಂದ ಮೇಲೆ ಬರೋ ಮೊದಲ ಬಿಲ್ಲಿಂದ 240 ದಿನದ ತನಕ ಅರ್ಜಿ ತಗೋಬೇಕು ಅವ್ರು. ಪಾಸಾತು ಅಂದ್ರ ಇನ್ಶೂರೆನ್ಸ್ ಇದ್ದವ್ರಿಗೆ ಸಾಮಾನ್ಯವಾಗಿ ಹಾಕೋ ರೇಟಿಗಿಂತ ಜಾಸ್ತಿ ಹಾಕೋ ಹಂಗಿಲ್ಲ, ಒಮ್ಮೊಮ್ಮೆ ಪೂರ್ತಿನೂ ಮಾಫ್. ಮನಿ ಮಂದಿ ಆದಾಯ ಯಾರ್‍ಯಾರದು ಲೆಕ್ಕ ಹಿಡೀತಾರ ಅನ್ನೋದು ಒಂದೊಂದ್ ಆಸ್ಪತ್ರಿಗೆ ಒಂದೊಂದ್ ಥರ, ಪಾಲಿಸಿ ಓದ್ರಿ. ಐಟಮೈಸ್ಡ್ ಬಿಲ್ (ಒಂದೊಂದಕ್ಕೂ ಎಷ್ಟು ಅಂತ ಬಿಡಿಸಿ ಬರದಿದ್ದು) ಕೇಳ್ರಿ. ನಮ್ಮ ಮಾವಾರಿಗೆ ಮಾಡದೇ ಇರೋ ಸ್ಕ್ಯಾನ್ ಎರಡು ಹಾಕಿದ್ರು, ತೋರಿಸಿದ ಮ್ಯಾಲೆ ತಗದ್ರು. ಮತ್ತ ಇದು ಆಸ್ಪತ್ರಿ ಕೊಡೋ ರಿಯಾಯಿತಿ, ಸರ್ಕಾರದ ಸಹಾಯ ಅಲ್ಲ, ಹೆದರಬ್ಯಾಡ್ರಿ.

ನರ್ಸಮ್ಮ_ಟೆಕ್ಸಾಸ್

ನಾನು ಇಲ್ಲೇ ವಾರ್ಡಲ್ಲಿ ಕೆಲಸ ಮಾಡೋದು. ಹಿಂದಿ ವಿಷಯ ಓದಿ ಹೊಟ್ಟೆ ಉರೀತು, ಯಾಕಂದ್ರೆ ಇದು ಎಷ್ಟು ಸಲ ನೋಡಿದೀನಿ, ಇಂಡಿಯನ್ ಅಂದ್ರೆ ಹಿಂದಿ ಅಂತ ಒತ್ತಿಬಿಡ್ತಾರೆ. ರಿಜಿಸ್ಟ್ರೇಷನ್ ಮಾಡುವಾಗಲೇ ಭಾಷೆ ಕನ್ನಡ ಅಂತ ಫೈಲಲ್ಲಿ ಬರೆಸಿ. ಫೋನಲ್ಲಿ ಕನ್ನಡ ಇಂಟರ್ಪ್ರಿಟರ್ ಸಿಗ್ತಾರೆ, ದುಡ್ಡು ನೀವು ಕೊಡ್ಬೇಕಿಲ್ಲ, ಫೆಡರಲ್ ಹಣ ತಗೊಳ್ಳೋ ಆಸ್ಪತ್ರೆ ಇದನ್ನ ಕೊಡ್ಲೇಬೇಕು. ಅಮ್ಮಂಗೆ "ಕನ್ನಡ ಪ್ಲೀಸ್" ಅಂತ ಎರಡು ಪದ ಕಲಿಸಿ ಸಾಕು, ನಮ್ಮತ್ತೆ ಹಂಗೇ ಕಲ್ತಿದ್ದು.

ಇನ್ನೊಂದು, ಮತ್ತೆ ಹೀಗಾದ್ರೆ ಇನ್ಶೂರೆನ್ಸ್ ಇಲ್ಲ ಅಂತ ತಡ ಮಾಡ್ಬೇಡಿ. 1986ರ ಕಾನೂನು ಪ್ರಕಾರ ಎಮರ್ಜೆನ್ಸಿಲಿ ದುಡ್ಡು ವೀಸಾ ಏನೂ ನೋಡ್ದೆ ಪರೀಕ್ಷೆ ಮಾಡಿ ಸ್ಥಿತಿ ಹತೋಟಿಗೆ ತರ್ಲೇಬೇಕು. ದಿನನಿತ್ಯದ ಶುಗರ್ ಬಿಪಿಗೆ ಹತ್ರದ ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಕರ್ಕೊಂಡು ಹೋಗಿ, ಆದಾಯ ನೋಡಿ ಫೀಸ್ ಹಾಕ್ತಾರೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವಾಲ್‌ಮಾರ್ಟ್ ಅಂಗಡಿಯ ಜೆನರಿಕ್ (ಕಮ್ಮಿ ಬೆಲೆ ಮಾತ್ರೆ) ಪಟ್ಟಿಲಿ ತಿಂಗಳಿಗೆ 4 ಡಾಲರ್, ಇಷ್ಟು ಅಮ್ಮಂಗೆ ಹೇಳಿ ಮೊದ್ಲು, ಊರಿನ ಮಾತ್ರೆ ಉಳಿಸೋದು ನಿಲ್ಲುತ್ತೆ.

ಮೈಸೂರು_ಮಲ್ಲಿಗೆ75

ಇನ್ಶೂರೆನ್ಸ್ ಬಗ್ಗೆ. ಗ್ರೀನ್ ಕಾರ್ಡಲ್ಲಿ ಬಂದ 60 ದಿನದೊಳಗೆ ಮಾರ್ಕೆಟ್‌ಪ್ಲೇಸಲ್ಲಿ (ಸರ್ಕಾರ ನಡೆಸೋ ಇನ್ಶೂರೆನ್ಸ್ ಸೈಟ್) ತಗೋಬಹುದಿತ್ತು, ಅದು ಹೋಯ್ತು. ನವೆಂಬರ್ 1ಕ್ಕೆ ಓಪನ್ ಎನ್ರೋಲ್ಮೆಂಟ್ (ಯಾರು ಬೇಕಾದ್ರೂ ಸೇರೋ ಅವಧಿ) ಶುರು, ಡಿಸೆಂಬರ್ 15ರೊಳಗೆ ಹಾಕಿದ್ರೆ ಜನವರಿ 1ರಿಂದ ಕವರ್. ಶುಗರ್ ಇದೆ ಅಂತ ಬೇಡ ಅನ್ನೋ ಹಾಗಿಲ್ಲ. ಟ್ಯಾಕ್ಸಲ್ಲಿ ಅಮ್ಮನ್ನ ಡಿಪೆಂಡೆಂಟ್ ಅಂತ ತೋರಿಸಿದ್ರೆ ಸಬ್ಸಿಡಿಗೆ ನಿಮ್ಮ ಮನೆ ಆದಾಯ ನೋಡ್ತಾರೆ, ಅದನ್ನ ಲೆಕ್ಕ ಹಾಕಿಸಿ. ಮೆಡಿಕೇಡ್ (ಕಮ್ಮಿ ಆದಾಯದವ್ರ ಸರ್ಕಾರಿ ಇನ್ಶೂರೆನ್ಸ್) 1996ರ ಕಾನೂನಿಂದ ಮೊದಲ 5 ವರ್ಷ ಸಿಗಲ್ಲ, ಎಮರ್ಜೆನ್ಸಿದು ಮಾತ್ರ ಬೇರೆ, ಅದನ್ನ ಆಸ್ಪತ್ರೆ ಸೋಶಿಯಲ್ ವರ್ಕರ್ ಹತ್ರ ಕೇಳಿ. 5 ವರ್ಷ ಇಲ್ಲೇ ಇದ್ದ ಮೇಲೆ ಮೆಡಿಕೇರ್ (ವಯಸ್ಸಾದವ್ರ ಸರ್ಕಾರಿ ಇನ್ಶೂರೆನ್ಸ್) ದುಡ್ಡು ಕೊಟ್ಟು ತಗೋಬಹುದು, ಇಲ್ಲಿ ಕೆಲಸ ಮಾಡಿ ಟ್ಯಾಕ್ಸ್ ಕಟ್ಟಿದ ಕ್ರೆಡಿಟ್ ಇಲ್ದವರಿಗೆ 2025ರಲ್ಲಿ ಪಾರ್ಟ್ ಎ (ಆಸ್ಪತ್ರೆ ಅಡ್ಮಿಟ್‌ದು) ತಿಂಗಳಿಗೆ 518, ಪಾರ್ಟ್ ಬಿ (ಡಾಕ್ಟರ್ ಖರ್ಚಿಂದು) 185 ಡಾಲರ್ ಇತ್ತು. ಕಮ್ಮಿ ಏನಲ್ಲ. ಟಿಕೆಟ್ ಬುಕ್ ಮಾಡೋಕ್ ಮುಂಚೆ ಈ ಲೆಕ್ಕ ಯಾರೂ ಹೇಳಲ್ಲ ನಮ್ಮವರಿಗೆ, ಅದೇ ಬೇಜಾರು.

ಹಾಸನದ_ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನ್-ಪ್ರಾಫಿಟ್ಟೇ, ಚೆಕ್ ಮಾಡ್ದೆ, ಅಸಿಸ್ಟೆನ್ಸ್ ಫಾರ್ಮ್ ಡೌನ್‌ಲೋಡ್ ಆಯ್ತು. ಫೈಲಲ್ಲಿ ಭಾಷೆ ಕನ್ನಡ ಅಂತ ಬದಲಾಯಿಸಿದ್ರು ಇವತ್ತು. 4 ಡಾಲರ್ ಅಂದಾಗ ಅಮ್ಮ ರೂಪಾಯಿ ಲೆಕ್ಕ ಹಾಕಿ, ಅಷ್ಟೇನಾ ಅಂತ ಕೇಳಿ, ರಾತ್ರಿ ಮಾತ್ರೆ ನನ್ನ ಎದುರಿಗೇ ತಗೊಂಡ್ರು. ಬಿಲ್ಲಿಂಗ್‌ನವ್ರು ಏನಂತಾರೆ ಅಂತ ಇಲ್ಲೇ ಬರೀತೀನಿ.