ಮೊದಲ ವಾ ಪೆಡಲ್: ಯಾವುದು ತಗೊಳ್ಳಲಿ, ಎಲ್ಲಿ ಜೋಡಿಸಲಿ?

ಪ್ರಶ್ನೆ:
ನಮಸ್ಕಾರ. ಗಿಟಾರ್ ಸದ್ದನ್ನು ಒರಟು ಮಾಡುವ ಎರಡು ಪೆಡಲ್ ನನ್ನ ಹತ್ತಿರ ಇವೆ: ಒಂದು ಓವರ್‌ಡ್ರೈವ್, ಒಂದು ಹಳೆ ಮಾದರಿಯ ಫಜ್. ಈಗ ಕಾಲಲ್ಲಿ ತುಳಿದು ಸದ್ದು ಬದಲಾಯಿಸುವ ವಾ ಪೆಡಲ್ ಕೊಳ್ಳಬೇಕು. ಗೆಳೆಯರೊಬ್ಬರ ವಾ ತಂದು ಫಜ್‌ಗಿಂತ ಮೊದಲು ಜೋಡಿಸಿದೆ. ಫಜ್ ಆನ್ ಇದ್ದಾಗ ಎಷ್ಟು ತುಳಿದರೂ "ವಾ" ಅನ್ನುವುದೇ ಇಲ್ಲ, ಸದ್ದು ಸ್ವಲ್ಪ ಮಂಕಾಗುತ್ತದೆ ಅಷ್ಟೆ. ಪೆಡಲ್ ಕೆಟ್ಟಿದೆಯಾ? ಕೊಳ್ಳುವಾಗ ಏನು ನೋಡಬೇಕು? ಬಳಸಿದವರು ದಯವಿಟ್ಟು ಹೇಳಿ.

ಉತ್ತರ:
ಪೆಡಲ್ ಕೆಟ್ಟಿಲ್ಲ, ಹೆದರಬೇಡಿ. ನನಗೂ ಹೀಗೇ ಆಗಿತ್ತು, ಎರಡು ವಾರ ಕೇಬಲ್ ಮೇಲೆ ಅನುಮಾನ ಪಟ್ಟಿದ್ದೆ.

ವಾ ಅಂದರೆ ಒಂದು ಫಿಲ್ಟರ್. ಸದ್ದಿನ ಒಂದು ಸಣ್ಣ ಭಾಗವನ್ನು ಎತ್ತಿ ಹಿಡಿದು, ಉಳಿದದ್ದನ್ನು ತಗ್ಗಿಸುತ್ತದೆ. ಹಿಮ್ಮಡಿ ಒತ್ತಿದಾಗ ಎತ್ತಿ ಹಿಡಿದ ಆ ಭಾಗ ಸುಮಾರು 400 ಹರ್ಟ್ಜ್ ಹತ್ತಿರ ಇರುತ್ತದೆ, ಕಾಲ್ಬೆರಳ ಕಡೆ ಒತ್ತಿದಾಗ 2000ದ ಆಸುಪಾಸಿಗೆ ಹೋಗುತ್ತದೆ. ಬಾಯಲ್ಲಿ "ಊ" ಅಂತ ಶುರು ಮಾಡಿ "ಆ" ಅಂತ ತೆರೆದರೆ ಆಗುವುದೂ ಇದೇ, ಅದಕ್ಕೇ ಗಿಟಾರ್ ಮಾತಾಡಿದ ಹಾಗೆ ಕೇಳುತ್ತದೆ. ಆದರೆ ಹಳೆ ಮಾದರಿಯ ಫಜ್‌ಗಳ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಗೆ ಬರುವ ಸಿಗ್ನಲ್‌ಗೆ ಒಡ್ಡುವ ತಡೆ, ತುಂಬಾ ಕಡಿಮೆ. ವಾ ಆದ ಮೇಲೆ ಫಜ್ ಬಂದರೆ ಅದು ವಾ ಪೆಡಲ್‌ಗೆ ಹೊರೆಯಾಗಿ ಕೂರುತ್ತದೆ, ಫಿಲ್ಟರ್ ಓಡಾಡುವುದಕ್ಕೆ ಜಾಗವೇ ಉಳಿಯುವುದಿಲ್ಲ. ಕೆಲವು ಜೋಡಿಗಳಲ್ಲಿ ಕೀರಲು ಶಿಳ್ಳೆ ಕೂಡ ಬರುತ್ತದೆ.

ದಾರಿ ಎರಡಿವೆ. ಗಿಟಾರ್, ಫಜ್, ಆಮೇಲೆ ವಾ ಅಂತ ಜೋಡಿಸಿ. ಅಥವಾ ವಾ ಮತ್ತು ಫಜ್ ನಡುವೆ ಒಂದು ಬಫರ್ ಇಡಿ, ಅಂದರೆ ಒಂದರ ಹೊರೆ ಇನ್ನೊಂದರ ಮೇಲೆ ಬೀಳದ ಹಾಗೆ ತಡೆಯುವ ಸಣ್ಣ ಸರ್ಕ್ಯೂಟ್. ಕೆಲವು ವಾಗಳ ಒಳಗೇ ಔಟ್‌ಪುಟ್ ಬಫರ್ ಇರುತ್ತದೆ, ಕೊಳ್ಳುವಾಗ ವಿಚಾರಿಸಿ. ನಾನು ಮೊದಲನೆಯದನ್ನೇ ಉಳಿಸಿಕೊಂಡೆ, ಯಾಕಂದರೆ ಫಜ್‌ಗೆ ನೇರ ಗಿಟಾರ್ ಸಿಕ್ಕರೆ ವಾಲ್ಯೂಮ್ ನಾಬ್ ಇಳಿಸಿದಾಗ ಸದ್ದು ಚೆನ್ನಾಗಿ ತಿಳಿಯಾಗುತ್ತದೆ.

ಓವರ್‌ಡ್ರೈವ್ ವಿಷಯ ಬೇರೆ. ಅದಕ್ಕಿಂತ ಮೊದಲು ವಾ ಇಡಿ. ನಂತರ ಇಟ್ಟರೂ ತಪ್ಪಲ್ಲ, ಆದರೆ ಸ್ವೀಪ್ (ತುಳಿದಾಗ ಸದ್ದು ಓಡಾಡುವುದು) ತುಂಬಾ ಒರಟಾಗುತ್ತದೆ, ಪೂರ್ತಿ ಮುಂದಕ್ಕೆ ಒತ್ತಿದಾಗ ಕಿವಿಗೆ ಚುಚ್ಚುತ್ತದೆ.

ಉತ್ತರ:
ಕೊಳ್ಳುವ ಬಗ್ಗೆ ನಾನು ಹೇಳುತ್ತೇನೆ. ಯಾವ ಕಂಪನಿಯ ವಾ, ಡನ್‌ಲಪ್ ಕ್ರೈ ಬೇಬಿಯಾ, ವಾಕ್ಸಾ ಅಂತ ತಿಂಗಳುಗಟ್ಟಲೆ ವಿಡಿಯೋ ನೋಡಬೇಡಿ. ಎರಡರ ಬೇರೂ ಒಂದೇ. 1966ರಲ್ಲಿ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಅನ್ನುವ ಎಂಜಿನಿಯರ್ ವಾಕ್ಸ್ ಆಂಪ್‌ನ ಒಂದು ಸರ್ಕ್ಯೂಟ್ ಮೇಲೆ ಕೆಲಸ ಮಾಡುವಾಗ ಹುಟ್ಟಿದ್ದು ಇದು, ಆರ್ಗನ್‌ನ ವಾಲ್ಯೂಮ್ ಪೆಡಲ್ ಒಳಗೆ ಅದನ್ನು ಕೂರಿಸಿದರು. ಇವತ್ತಿನ ಹೆಚ್ಚಿನ ವಾಗಳು ಅದೇ ಮನೆತನದವು.

ವ್ಯತ್ಯಾಸ ಗೊತ್ತಾಗುವುದು ಕಾಲಿಗೆ. ಅಂಗಡಿಯಲ್ಲಿ ನಿಂತುಕೊಂಡೇ ತುಳಿದು ನೋಡಿ, ನೀವು ನುಡಿಸುವಾಗ ಹಾಕುವ ಶೂ ಹಾಕಿಕೊಂಡು. ಪೆಡಲ್ ಎಷ್ಟು ದೂರ ಓಡುತ್ತದೆ, ಬಿಟ್ಟ ಜಾಗದಲ್ಲಿ ನಿಲ್ಲುತ್ತದಾ ಅಥವಾ ತಾನಾಗಿ ಜಾರುತ್ತದಾ, ನಡುವಿನ ಯಾವುದೋ ಒಂದು ಅಂಗುಲದಲ್ಲಿ ಸದ್ದು ದಿಢೀರ್ ಅಂತ ಬದಲಾಗಿ ಉಳಿದ ಕಡೆ ಏನೂ ಆಗುವುದಿಲ್ಲವಾ, ಇವಿಷ್ಟು ನೋಡಿದರೆ ಸಾಕು. ಮಿನಿ ಪೆಡಲ್‌ಗಳಲ್ಲಿ ಓಟ ಚಿಕ್ಕದು. ದೊಡ್ಡ ಪಾದ ಇರುವವರಿಗೆ ಹಿಡಿತ ಸಿಗುವುದು ಕಷ್ಟ, ನಾನು ಕೊಂಡು ಮಾರಿದೆ.

ಹಳೆಯದು ಕೊಳ್ಳುವುದಾದರೆ ಆನ್ ಮಾಡಿ ನಿಧಾನಕ್ಕೆ ತುಳಿಯಿರಿ. ಕರಕರ ಅಂದರೆ ಒಳಗಿನ ಪಾಟ್ (ತುಳಿದಂತೆ ತಿರುಗಿ ಸದ್ದು ಬದಲಿಸುವ ಬಿಡಿಭಾಗ) ಸವೆದಿದೆ ಅಥವಾ ಧೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಇಲ್ಲದಿದ್ದರೆ ಪಾಟ್ ಬದಲಾಯಿಸಬೇಕು. ಈ ತಲೆನೋವೇ ಬೇಡ ಅನ್ನುವವರಿಗೆ ಮಾರ್ಲಿ ಕಂಪನಿಯಂಥವರ ಆಪ್ಟಿಕಲ್ ವಾ ಇದೆ, ಅದರಲ್ಲಿ ಸ್ವೀಪ್ ಕೆಲಸ ಬೆಳಕಿನದು, ಸವೆಯುವ ಪಾಟ್ ಇಲ್ಲ. ಇನ್ನೊಂದು ಮಾತು. ಆಫ್ ಇದ್ದಾಗಲೂ ಗಿಟಾರಿನ ಹೊಳಪು ಕಡಿಮೆಯಾಗುತ್ತದಾ ಕೇಳಿ. ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲ್ ಸರ್ಕ್ಯೂಟ್ ಮುಟ್ಟದೆ ನೇರ ಹೋಗುವ ವ್ಯವಸ್ಥೆ) ಇಲ್ಲದ ಹಳೆ ಪೆಡಲ್‌ಗಳಲ್ಲಿ ಇದು ಜಾಸ್ತಿ.

ಉತ್ತರ:
ಬ್ಯಾಟರಿಯಲ್ಲಿ ಓಡಿಸುವುದಾದರೆ ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಕೇಬಲ್ ಇರುವಷ್ಟು ಹೊತ್ತೂ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖರ್ಚಾಗುತ್ತದೆ.

ಉತ್ತರ:
ಎಲ್ಲರೂ ಸಾಮಾನಿನ ಬಗ್ಗೆ ಹೇಳಿದರು, ತುಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ. ಹೊಸಬರು ಎಲ್ಲರೂ ತಾಳಕ್ಕೆ ಸರಿಯಾಗಿ ಮೇಲೆ ಕೆಳಗೆ ತುಳಿಯುತ್ತಲೇ ಇರುತ್ತಾರೆ. ತಂತಿ ಮ್ಯೂಟ್ ಮಾಡಿ ಚಕ್ಕ ಚಕ್ಕ ಅನ್ನಿಸುವಾಗ ಅದು ಸರಿ. ಸೋಲೋದಲ್ಲಿ ಹಾಗೆ ಮಾಡಿದರೆ ಸ್ವರಕ್ಕೂ ಪಾದಕ್ಕೂ ಸಂಬಂಧವೇ ಇರುವುದಿಲ್ಲ. ನೀವು ನುಡಿಸುವ ಸಾಲನ್ನು ಮೊದಲು ಬಾಯಲ್ಲಿ ಹಾಡಿ ನೋಡಿ. ಎಲ್ಲಿ ಬಾಯಿ ತೆರೆಯುತ್ತದೋ ಅಲ್ಲಿ ಪಾದ ಮುಂದೆ ಹೋಗಲಿ. ಉದ್ದನೆಯ ಬೆಂಡ್ (ತಂತಿ ಎಳೆದು ಸ್ವರ ಏರಿಸುವುದು) ಇದ್ದರೆ ಬೆಂಡ್ ಏರುವ ವೇಗದಲ್ಲೇ ಪೆಡಲ್ ಕೂಡ ಏರಲಿ. ನಾನು ದಿನಾ ಹತ್ತು ನಿಮಿಷ ಒಂದೇ ಸ್ವರ ಹಿಡಿದು ಇದನ್ನೇ ಮಾಡುತ್ತಿದ್ದೆ, ಒಂದು ತಿಂಗಳಲ್ಲಿ ಕಾಲು ತಾನಾಗಿ ಹೋಗತೊಡಗಿತು. ಮತ್ತೆ, ಪೆಡಲನ್ನು ಅರ್ಧಕ್ಕೆ ನಿಲ್ಲಿಸಿ ಅಲ್ಲಾಡಿಸದೆ ನುಡಿಸಿ ನೋಡಿ, ಮೂಗಿನಲ್ಲಿ ಹಾಡಿದಂಥ ಒಂದು ಟೋನ್ ಬರುತ್ತದೆ. ಬ್ಯಾಂಡ್‌ನಲ್ಲಿ ಸೋಲೋ ಎದ್ದು ಕೇಳುವುದಕ್ಕೆ ತುಂಬಾ ಉಪಯೋಗ.

ಪ್ರಶ್ನೆ ಕೇಳಿದವರು:
ಫಜ್ ಮೊದಲು, ವಾ ಆಮೇಲೆ ಅಂತ ಈಗಷ್ಟೇ ಬದಲಾಯಿಸಿದೆ. ಬಂತು! ಎಷ್ಟು ಖುಷಿ ಆಯಿತು ಅಂತ ಹೇಳಲಾರೆ. ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ತೊಂದರೆ: ಆನ್ ಮಾಡುವ ಸ್ವಿಚ್ ಪೆಡಲ್‌ನ ಮುಂದಿನ ತುದಿಯ ಕೆಳಗಿದೆ, ಪೂರ್ತಿ ಮೈಭಾರ ಹಾಕಿದರೂ ಒಮ್ಮೊಮ್ಮೆ ಒತ್ತುವುದಿಲ್ಲ.

ಉತ್ತರ:
ಸ್ವಿಚ್ ಸುತ್ತ ಇರುವ ನಟ್ ಸ್ವಲ್ಪ ಸಡಿಲಿಸಿ, ಸ್ವಿಚ್ಚನ್ನು ಕೂದಲೆಳೆಯಷ್ಟು ಮೇಲೆತ್ತಿ ಮತ್ತೆ ಬಿಗಿ ಮಾಡಿ. ಜಾಸ್ತಿ ಎತ್ತಬೇಡಿ, ಜೋರಾಗಿ ಸ್ವೀಪ್ ಮಾಡುವಾಗ ತಾನಾಗಿ ಆಫ್ ಆಗಿಬಿಡುತ್ತದೆ. ಗೆಳೆಯರ ಪೆಡಲ್ ಅಲ್ವಾ, ಬಿಚ್ಚುವ ಮೊದಲು ಅವರನ್ನು ಒಂದು ಮಾತು ಕೇಳಿ.