ಯುವಿ ಬಿಟ್ಟರೂ ಚಿನ್ನದ ನ್ಯಾನೋರಾಡ್‌ಗಳ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಂ) ಸಿಗ್ನಲ್ ಬದಲಾಗುತ್ತಿಲ್ಲ, ಯಾಕೆ?

ಪ್ರಶ್ನೆ:
ನಮಸ್ಕಾರ. 5ಸಿಬಿ ಎಂಬ ದ್ರವ ಸ್ಫಟಿಕಕ್ಕೆ ಅಜೋಬೆಂಜೀನ್ (ಬೆಳಕು ಬಿದ್ದರೆ ಆಕಾರ ಬದಲಿಸುವ ಅಣು) ಇರುವ ಚೈರಲ್ ಡೋಪೆಂಟ್ (ದ್ರವ ಸ್ಫಟಿಕವನ್ನು ಸುರುಳಿಯಾಗಿಸುವ ಸೇರ್ಪಡೆ), ಜೊತೆಗೆ ಸ್ವಲ್ಪ ಚಿನ್ನದ ನ್ಯಾನೋರಾಡ್ (ಅತಿ ಸಣ್ಣ ಕಡ್ಡಿಗಳು) ಸೇರಿಸಿದ್ದೇನೆ. ರಾಡ್‌ಗಳ ಮೇಲಿನ ಸಿಟಿಎಬಿ (ಸೋಪಿನಂಥ ಹೊದಿಕೆ) ತೆಗೆದು ಥಯಾಲ್ ಲಿಗ್ಯಾಂಡ್ (ಗಂಧಕದ ಮೂಲಕ ಚಿನ್ನಕ್ಕೆ ಅಂಟುವ ಅಣು) ಹಾಕಿದ್ದೇನೆ. 365 ನ್ಯಾನೋಮೀಟರ್ ಯುವಿ ಬಿಟ್ಟಾಗ ಸೆಲ್‌ನ (ಎರಡು ಗಾಜಿನ ನಡುವೆ ಈ ಮಿಶ್ರಣ ತುಂಬಿದ್ದು) ಬಣ್ಣ ಹಸಿರಿನಿಂದ ಕೆಂಪಿಗೆ ಸರಿಯುತ್ತದೆ. ಆದರೆ 750 ನ್ಯಾನೋಮೀಟರ್ ಸುತ್ತ, ರಾಡ್‌ಗಳ ಪ್ಲಾಸ್ಮಾನ್ ಪೀಕ್ (ಚಿನ್ನ ಬೆಳಕನ್ನು ಅತಿ ಹೆಚ್ಚು ಹೀರುವ ಜಾಗ) ಇರುವಲ್ಲಿ, ಸಿಡಿ (ಎಡಕ್ಕೆ ಮತ್ತು ಬಲಕ್ಕೆ ಸುತ್ತುವ ಬೆಳಕಿನ ಹೀರಿಕೆಯ ವ್ಯತ್ಯಾಸ) ಹಾಗೇ ನಿಂತಿದೆ. ನೀಲಿ ಬೆಳಕು ಕೊಟ್ಟರೆ ಬಣ್ಣವೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಡೋಪೆಂಟ್ ಹಾಳಾಯಿತಾ?

ಉತ್ತರ 1:
ಡೋಪೆಂಟ್ ಮೇಲೆ ಈಗಲೇ ಅನುಮಾನ ಬೇಡ. ಬಣ್ಣ ಸರಿಯುತ್ತಿದೆ ಅಂದರೆ ಪಿಚ್ (ಸುರುಳಿಯ ಒಂದು ಸುತ್ತಿನ ಉದ್ದ) ಉದ್ದವಾಗುತ್ತಿದೆ, ಅಜೋಬೆಂಜೀನ್ ಕೆಲಸ ಮಾಡುತ್ತಿದೆ. ನೀಲಿ ಬೆಳಕು ಎಲ್ಲ ಸಿಸ್ (ಯುವಿಯಿಂದ ಬಾಗಿದ) ಅಣುಗಳನ್ನೂ ಟ್ರಾನ್ಸ್‌ಗೆ (ನೇರ ರೂಪಕ್ಕೆ) ತರುವುದಿಲ್ಲ, ಸ್ವಲ್ಪ ಪಾಲು ಉಳಿದೇ ಉಳಿಯುತ್ತದೆ. ಸೆಲ್ ಅನ್ನು ಕತ್ತಲೆಯಲ್ಲಿ ಬಿಟ್ಟು ನೋಡಿ, ನಿಧಾನವಾಗಿ ತಾನೇ ಮರಳುತ್ತದೆ. ಯುವಿ ಬಿಡುವಾಗ ಸೆಲ್ ಬಿಸಿಯಾಗದಂತೆಯೂ ನೋಡಿಕೊಳ್ಳಿ. 5ಸಿಬಿ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಸಾಮಾನ್ಯ ದ್ರವವಾಗುತ್ತದೆ. ಬಾಗಿದ ಸಿಸ್ ಅಣುಗಳು ಹೆಚ್ಚಾದಷ್ಟೂ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ.

ಉತ್ತರ 2:
750ರ ಸಿಗ್ನಲ್ ನಿಜವಾದ ಸಿಡಿಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ನನಗೆ ಅನುಮಾನ ಇರೋದು ಇಲ್ಲೇ. ಉಜ್ಜಿದ ಪಾಲಿಇಮೈಡ್ (ಅಣುಗಳನ್ನು ಒಂದೇ ದಿಕ್ಕಿಗೆ ಜೋಡಿಸುವ ಲೇಪನ) ಇರುವ ಗಾಜಿನ ಹತ್ತಿರ ರಾಡ್‌ಗಳು ಒಂದೇ ದಿಕ್ಕಿಗೆ ಮಲಗಿದರೆ ಲೀನಿಯರ್ ಡೈಕ್ರೋಯಿಸಂ (ಬೆಳಕಿನ ಕಂಪನದ ದಿಕ್ಕಿಗೆ ತಕ್ಕಂತೆ ಹೀರಿಕೆ ಬದಲಾಗುವುದು) ಬರುತ್ತದೆ. ಅದು ಉಪಕರಣದೊಳಗೆ ಸೋರಿ ಸಿಡಿಯಂತೆ ಕಾಣಿಸುತ್ತದೆ. ಬೆಳಕಿನ ದಾರಿಯನ್ನೇ ಅಕ್ಷವಾಗಿಟ್ಟು ಸೆಲ್ ಅನ್ನು 90 ಡಿಗ್ರಿ ತಿರುಗಿಸಿ ಅಳೆಯಿರಿ. ಆಮೇಲೆ ಮುಂದಿನ ಮುಖ ಹಿಂದೆ ಮಾಡಿ ಇನ್ನೊಮ್ಮೆ. ನಿಜವಾದ ಸಿಡಿ ಎರಡಕ್ಕೂ ಜಗ್ಗುವುದಿಲ್ಲ. ರಾಡ್ ಇಲ್ಲದ ಸೆಲ್ ಒಂದನ್ನೂ ಇಟ್ಟುಕೊಳ್ಳಿ, ಯಾಕೆಂದರೆ ಸುರುಳಿಯ ಪ್ರತಿಫಲನವೇ ದೊಡ್ಡ ಸಿಡಿ ಕೊಡುತ್ತದೆ. ಅದು 750ರವರೆಗೆ ಸರಿದು ಬಂದರೆ ರಾಡ್‌ದು ಯಾವುದು, ಸುರುಳಿದು ಯಾವುದು ಅಂತ ಬೇರ್ಪಡಿಸೋದು ಕಷ್ಟ.

ಪ್ರಶ್ನೆ ಕೇಳಿದವರು:
90 ಡಿಗ್ರಿ ತಿರುಗಿಸಿದ ಕೂಡಲೇ 750ರ ಪೀಕ್ ತಲೆಕೆಳಗಾಯಿತು! ಎರಡರ ಸರಾಸರಿ ತೆಗೆದರೆ ತುಂಬಾ ಸಣ್ಣ ಸಿಗ್ನಲ್ ಉಳಿಯುತ್ತದೆ, ಅದು ಯುವಿಗೆ ಇನ್ನಷ್ಟು ಇಳಿಯುತ್ತದೆ. ಕತ್ತಲೆಯಲ್ಲಿಟ್ಟ ಸೆಲ್ ಹಸಿರಿಗೆ ಮರಳಿದೆ. ಆದರೆ ಬಣ್ಣ ಒಂದೇ ಸಮನೆ ಸರಿಯದೆ ಹಾರಿ ಹಾರಿ ಬರುತ್ತಿದೆ.

ಉತ್ತರ 2:
ಹಾಗಾದರೆ ಉಳಿದ ಆ ಸಣ್ಣದೇ ನಿಮಗೆ ಬೇಕಾದ ಸಿಗ್ನಲ್ ಇರಬಹುದು. ಮುಖ ತಿರುಗಿಸಿದಾಗಲೂ ಅದು ಹಾಗೇ ಇದೆಯಾ ನೋಡಿ. ಹಾರೋದು ಸಹಜ. ಎರಡೂ ಗಾಜು ಅಣುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಮಧ್ಯೆ ಅರ್ಧ ಸುತ್ತುಗಳು ಪೂರ್ಣ ಸಂಖ್ಯೆಯಲ್ಲೇ ಕೂರಬೇಕು, ಹಾಗಾಗಿ ಪಿಚ್ ಮೆಟ್ಟಿಲು ಇಳಿದಂತೆ ಬದಲಾಗುತ್ತದೆ. ಸೆಲ್ ದಪ್ಪ ಜಾಸ್ತಿ ಮಾಡಿದರೆ ಮೆಟ್ಟಿಲು ಸಣ್ಣದಾಗುತ್ತದೆ. ಇನ್ನೊಂದು ವಿಷಯ, ಉಪಕರಣದ ನೀಲಿ ಬೆಳಕೂ ಸಿಸ್ ಅಣುಗಳನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಯುವಿ ಆದ ಮೇಲೆ 850 ನ್ಯಾನೋಮೀಟರ್‌ನಿಂದ ಕೆಳಗೆ ಸ್ಕ್ಯಾನ್ ಮಾಡಿ, 550ಕ್ಕೆ ನಿಲ್ಲಿಸಿ. ರಾಡ್‌ಗಳ ಪೀಕ್ ಮೊದಲಿಗಿಂತ ಅಗಲವಾಗಿದೆಯಾ ಅಂತಲೂ ಹೇಳಿ. ಆಗಿದ್ದರೆ ರಾಡ್‌ಗಳು ಗುಂಪುಗೂಡುತ್ತಿವೆ, ಲಿಗ್ಯಾಂಡ್ ಬದಲಿಸಬೇಕಾಗುತ್ತದೆ.